ಮನೆಯಲ್ಲಿ ಗಂಡನನ್ನು ಕೇಳಿ

ಪಾದ್ರಿಗಳು ಊರಲ್ಲಿರಲಿಲ್ಲವೆಂದು ಪ್ರಸಂಗ ಮಾಡಲು ಎದ್ದ ತಬಿತಾಳನ್ನು ಚರ್ಚಿನ ಹಿರಿಯ ಯೆಶಾಯಪ್ಪನವರು ಎಲ್ಲರೆದುರೇ ತಡೆದರು.

"ಸಭೆಯೊಳಗ ಹೆಂಗಸರು ಬಾಯಿ ತೆರೀಬಾರದು. ಏನರ ತಿಳಕೋಬೇಕಂದ್ರ ಮನ್ಯಾಗ ಗಂಡನ್ನ ಕೇಳ್ರಿ ಅಂತ ಬೈಬಲ್‌ನ್ಯಾಗ ಸಂತ ಪೌಲನ ಬರದಾನ."

ತಬಿತಾ ಅವಮಾನ ನುಂಗಿಕೊಂಡು ಮನೆಗೆ ಹೋದಳು. ಆರು ತಿಂಗಳ ಮೇಲೆ ಯೆಶಾಯಪ್ಪನವರ ಮುಂದೆ ಬಂದು ನಿಂತಳು.

"ಗಂಡನ್ನ ಕೇಳಿದ್ಯೋ ಇಲ್ಲೋ?" ಎಂದರು ಅವರು.

"ಕೇಳಿದೆರೀ. 'ಲಗ್ನ ಆದಮ್ಯಾಗ ನಾ ಬೈಬಲ್ ಮುಟ್ಟೇ ಇಲ್ಲ, ನೀನ ಓದಿ ಹೇಳು' ಅಂದ್ರು. ಹೇಳಿದೆ. ಆಜೂಬಾಜೂದವರೂ ಬಂದು ಕುಂತ್ರು. ಈಗ ಐತವಾರ ಸಂಜಿ ಅಂಗಳ ತುಂಬತೈತ್ರಿ."

"ಮತ್ತ ಇಲ್ಲಿಗ್ಯಾಕ ಬಂದಿ?"

"ಚರ್ಚಿನ ಬೆಂಚು ಒಂದ್ನಾಕು ಕೊಡ್ರಿ. ಪಾಪ, ನಿಮ್ಮ ಮನಿಯವರು ಎಷ್ಟಂತ ನಿಂತು ಕೇಳ್ಬೇಕು?"