ನಮ್ಮ ಕಾರು

ಬಾಗಿಲ ಮುಂದೆ ನಿಂತಿದ್ದ ಉದ್ದನೆಯ ಬಿಳಿ ಕಾರಿನ ಮೇಲೆ ಒಂದು ಸುತ್ತು ಕಣ್ಣಾಡಿಸಿಯೇ ಟೀಚರಮ್ಮ ಒಳಗೆ ಬಂದರು. ನಿವೃತ್ತರಾದ ಮೇಲೆ ಅವರಿಗೆ ಒಂದು ಖಾಸಗಿ ಶಾಲೆಯವರು ಒಪ್ಪಿಸಿದ್ದ ಕೆಲಸ ಇದು: ಶುಲ್ಕಕ್ಕೆ ನೆರವು ಕೇಳಿ ಅರ್ಜಿ ಹಾಕಿದವರ ಮನೆಗೆ ಹೋಗುವುದು, ನೋಡುವುದು, ಬರೆದುಕೊಡುವುದು. ಈ ಮನೆಯ ಹುಡುಗಿ ಪ್ರವೇಶ ಪರೀಕ್ಷೆಯಲ್ಲಿ ಎರಡನೆಯವಳಾಗಿ ಬಂದಿದ್ದಳು. ತಂದೆ ತೀರಿಕೊಂಡು ಮೂರು ವರ್ಷ. ತಾಯಿ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು.

ದೊಡ್ಡವರ ಮುಂದೆ ತಾಯಿಗೆ ಬಾಯಿ ಕಟ್ಟಿಹೋಗುತ್ತಿತ್ತು. "ನೀನು ಪಕ್ಕದಲ್ಲಿದ್ರೆ ಧೈರ್ಯ ಕಣಣ್ಣ" ಎಂದು ಅವಳೇ ಅಣ್ಣನನ್ನು ಕರೆಸಿದ್ದಳು. ಅವನು ಒಬ್ಬ ಸಾಹೇಬರ ಕಾರಿನ ಡ್ರೈವರು. ಸಾಹೇಬರು ಮೀಟಿಂಗಿನಲ್ಲಿದ್ದ ಹೊತ್ತಿನಲ್ಲಿ ಒಂದು ಗಂಟೆ ಕೇಳಿಕೊಂಡು, ತಂಗಿಯೇ ಇಸ್ತ್ರಿ ಮಾಡಿಕೊಟ್ಟಿದ್ದ ಅಂಗಿ ತೊಟ್ಟು ಬಂದಿದ್ದ. ಮನೆಯಲ್ಲಿದ್ದ ಒಂದೇ ಕುರ್ಚಿಯನ್ನು ಟೀಚರಮ್ಮನಿಗೆ ಬಿಟ್ಟು, ತಾನು ಮಂಚದ ತುದಿಯಲ್ಲಿ ಮನೆಯ ಯಜಮಾನನ ಹಾಗೆ ಕಾಲಮೇಲೆ ಕಾಲು ಹಾಕಿ ಕೂತ.

"ಹೊರಗಿರೋ ಕಾರು ನಿಮ್ಮದಾ?" ಟೀಚರಮ್ಮ ಕೇಳಿದರು.

"ನಮ್ದೇ ಮೇಡಂ. ಹೋದ ವರ್ಷ ತಗೊಂಡಿದ್ದು."

ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಹದಿನಾಲ್ಕು ವರ್ಷ ಸ್ಟಿಯರಿಂಗ್ ಹಿಡಿದವನ ಬಾಯಲ್ಲಿ ಸಾಹೇಬರ ಕಾರು 'ನಮ್ಮ ಕಾರು', ಅವರ ಬಂಗಲೆ 'ನಮ್ಮನೆ'. ಅವರಿಗೆ ನೆಗಡಿಯಾದರೆ 'ನಮಗೆ ಈ ವಾರ ಹುಷಾರಿಲ್ಲ'. ಆದರೆ ಟೀಚರಮ್ಮನ ಹುಬ್ಬು ಮೇಲೇರಿತು. ಅದು ಅನುಮಾನ, ಅವನು ಮರ್ಯಾದೆ ಎಂದುಕೊಂಡ. ಅಲ್ಲಿಂದ ನಾಲಿಗೆಗೆ ಲಂಗುಲಗಾಮು ಇಲ್ಲದಂತಾಯಿತು.

"ಹಾಗಾದ್ರೆ ಇವರಿಗೆಲ್ಲ ನೀವೇ ಆಧಾರ ಅನ್ನಿ."

"ಇನ್ಯಾರು ಮೇಡಂ? ಮಾವ ಅಂತ ನಾನು ಗುಂಡುಕಲ್ಲಿನ ಹಾಗೆ ಇದ್ದೀನಿ. ನನ್ನ ತಂಗಿ ಯಾರ ಮುಂದೇನೂ ತಲೆ ತಗ್ಗಿಸಬೇಕಾಗಿಲ್ಲ. ನೀವು ಕೊಟ್ರೆ ಸಂತೋಷ, ಕೊಡದಿದ್ರೂ ಬೇಜಾರಿಲ್ಲ. ನಮ್ಮ ಮಗು ನಮಗೆ ಭಾರವಾ?"

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಹುಡುಗಿ, "ಮಾವ, ಕಾರು ಸಾಹೇಬ್ರದ್ದು ಅಲ್ವ..." ಎಂದು ಮೆಲ್ಲಗೆ ಶುರುಮಾಡಿದಳು. ತಾಯಿ ತಟ್ಟನೆ ತಿರುಗಿ, "ಹೋಗು, ಮೇಡಂಗೆ ನೀರು ತಾ" ಎಂದಳು. ಮಾವನ ಮಾತಿನ ಭರಾಟೆಯಲ್ಲಿ ಹುಡುಗಿಯ ಮಾತು ಟೀಚರಮ್ಮನ ಕಿವಿಗೆ ಬೀಳಲಿಲ್ಲ. ಹೊರಡುವ ಮುಂಚೆ ಅವರು ತಾಯಿಯ ಕಡೆ ನೋಡಿ, "ನೀವು ಏನಾದ್ರೂ ಹೇಳೋದಿದೆಯಾ?" ಎಂದು ಕೇಳಿದರು.

"ಅಣ್ಣ ಎಲ್ಲಾ ಹೇಳಿದ್ನಲ್ಲ ಮೇಡಂ" ಎಂದು ಅವಳು ನಕ್ಕಳು.

ಎರಡು ವಾರಕ್ಕೆ ಶಾಲೆಯಿಂದ ಪತ್ರ ಬಂತು. ಕುಟುಂಬಕ್ಕೆ ಸೋದರಮಾವನ ಭದ್ರವಾದ ಆಸರೆ ಇರುವುದರಿಂದ ಅರ್ಜಿಯನ್ನು ಪರಿಗಣಿಸಲಾಗಿಲ್ಲ. ತಾಯಿ ಅದನ್ನು ಎರಡು ಸಲ ಓದಿ ಅಣ್ಣನ ಕೈಗೆ ಕೊಟ್ಟಳು. ಅವನು ಮಾರನೆಯ ದಿನ ಕಾರು ತಮ್ಮದೆಂದು ಸಾಹೇಬರಿಂದ ಒಂದು ಕಾಗದ ಬರೆಸಿಕೊಂಡು, ತಂಗಿಯನ್ನೂ ಕರೆದುಕೊಂಡು ಬಸ್ಸಿನಲ್ಲಿ ಶಾಲೆಗೆ ಹೋದ.

ಟೀಚರಮ್ಮ ಆ ಕಾಗದ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ಜಾಗ ಬೇರೆ ಮಗುವಿಗೆ ಹೋಯ್ತಪ್ಪ. ಸೋಮವಾರವೇ ಬಂದು ಸೇರಿಯೂ ಆಯ್ತು. ಅದರ ಅಪ್ಪ ಹಾಸಿಗೆ ಹಿಡಿದಿದ್ದಾನೆ. ಅವರಿಂದ ಕಿತ್ತು ಕೊಡೋಕಾಗುತ್ತಾ?"

"ಮುಂದಿನ ವರ್ಷಕ್ಕಾದ್ರೂ..."

"ನೆರವು ಇರೋದು ಐದನೇ ಕ್ಲಾಸಿಗೆ ಸೇರೋರಿಗೆ ಮಾತ್ರ. ಈಗಿರೋ ಶಾಲೇಲೇ ಓದಲಿ. ಬುದ್ಧಿವಂತೆ, ಎಲ್ಲಿದ್ರೂ ಮೇಲೆ ಬರ್ತಾಳೆ." ವರ್ಷವರ್ಷವೂ ಎಷ್ಟೋ ಮಂದಿಗೆ ಹೇಳಿ ಕಳಿಸಿದ್ದ ಮಾತು ಅದು. ಇವತ್ತು ಅವರ ಬಾಯಿಗೇ ಸಪ್ಪೆಯಾಗಿತ್ತು. "ಯಾಕಪ್ಪಾ ಹಾಗೆಲ್ಲ ಹೇಳಿದ್ರಿ?"

"ಇಲ್ಲದವರು ಅಂತ ತೋರಿಸ್ಕೊಂಡ್ರೆ ನಾಳೆ ಮಗೂನ ಕ್ಲಾಸಲ್ಲಿ ಕೀಳಾಗಿ ನೋಡ್ತಾರೆ ಅನ್ನಿಸ್ತು ಮೇಡಂ. ಬಡಾಯಿ ಕೊಚ್ಚಿಕೊಂಡು ಅವಳ ದಾರಿಗೆ ನಾನೇ ಕಲ್ಲು ಹಾಕಿದೆ." ಅವನು ಗೋಡೆಯ ಕಡೆ ತಿರುಗಿಕೊಂಡ.

"ನಾನೂ ಇನ್ನೆರಡು ಮಾತು ಕೇಳಬೇಕಿತ್ತು" ಎಂದರು ಟೀಚರಮ್ಮ. ಆಮೇಲೆ ತಾಯಿಯನ್ನು ನೋಡಿದರು. "ನೀನಾದ್ರೂ ಬಾಯಿ ಬಿಡಬಾರದಿತ್ತೇನಮ್ಮ? ನಿನಗೆ ಎಲ್ಲಾ ಗೊತ್ತಿತ್ತಲ್ಲ."

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಮೊದಲ ಸಲ ಅವರ ಮುಖ ನೋಡಿ ಮಾತಾಡಿದಳು.

"ನಮ್ಮನೆಯವರು ಹೋದ ಮೇಲೆ ನನ್ನ ಪರವಾಗಿ ಯಾರೂ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ ಮೇಡಂ. ಸುಳ್ಳು ಅಂತ ಗೊತ್ತಿತ್ತು. ಆದ್ರೂ ಇನ್ನೊಂಚೂರು ಕೇಳೋಣ ಅನ್ನಿಸ್ತು."