ಅಪ್ಪನ ಕಟ್ ಶೂ

ಹೊಸ ಚರ್ಮದ ವಾಸನೆ ಮೂಗಿಗೆ ಬಡಿದರೆ ಈಗಲೂ ಜೀವನ್ ಬಿಮಾ ನಗರದ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಮನೆಮನೆಗೆ ಹೋಗಿ ನೀರಿನ ಫಿಲ್ಟರ್ ಮಾರುತ್ತಿದ್ದ ಅಪ್ಪ, ಕಾಲೇಜು ಹುಡುಗರು ಹಾಕುವಂಥ ಲೇಸಿಲ್ಲದ ಕಟ್ ಶೂಗಳನ್ನು ಶಿವಾಜಿನಗರದಿಂದ ತಂದಿದ್ದರು.

"ಈ ವಯಸ್ಸಲ್ಲಿ ಸ್ಟೈಲ್ ಬೇರೆ!" ಎಂದು ಅಮ್ಮ ನಕ್ಕಿದ್ದಳು.

"ಸ್ಟೈಲಲ್ಲ ಕಣೇ. ಲೇಸ್ ಬಿಚ್ಚೋಷ್ಟರಲ್ಲಿ ಒಳಗೆ ಕರೆದೋರ ಮನಸ್ಸೇ ಬದಲಾಗ್ಬಿಡುತ್ತೆ" ಎಂದಿದ್ದರು ಅಪ್ಪ.

ಅಂದು ಶಾಲೆಗೆ ರಜೆ, ನಾನೂ ಜೊತೆಗೆ ಹೋಗಿದ್ದೆ. ಬೆಲ್ ಒತ್ತಿದ ಕೂಡಲೇ ಅಪ್ಪ ಹಿಮ್ಮಡಿಯನ್ನು ಶೂವಿನಿಂದ ಅರ್ಧ ಎತ್ತಿ ನಿಲ್ಲುತ್ತಿದ್ದರು. ಗ್ರಿಲ್ಲಿನ ಹಿಂದಿನಿಂದ "ಬೇಡ ರೀ" ಎಂಬ ದನಿ ಬರುತ್ತಿತ್ತು. ಹಿಮ್ಮಡಿ ಮತ್ತೆ ಶೂವಿನೊಳಗೆ ಇಳಿಯುತ್ತಿತ್ತು. ಬೀದಿಯುದ್ದಕ್ಕೂ ಅದೇ ಕಥೆ.

ಸಂಜೆ ಮನೆಗೆ ಬಂದಾಗ ಬಾಗಿಲು ತೆರೆದೇ ಇತ್ತು. ಅಮ್ಮ "ಒಳಗೆ ಬನ್ರೀ" ಅನ್ನುವವರೆಗೂ ಅಪ್ಪ ಹೊಸ್ತಿಲಾಚೆ, ಹಿಮ್ಮಡಿ ಅರ್ಧ ಎತ್ತಿಕೊಂಡೇ ನಿಂತಿದ್ದರು.