ನಕ್ಷೆಯಲ್ಲಿಲ್ಲದ ಕೋಣೆ

ಮನೆ ಮಾರುವವರಿಗೆಲ್ಲ ಬ್ರೋಕರ್ ಫಕೀರಪ್ಪ ಮೊದಲು ಹೇಳುವುದು ಇದನ್ನೇ: ಹೆಚ್ಚಿನ ಕೋಣೆ ಇದ್ದರೆ ಮುಚ್ಚಿಸಿಕೊಳ್ಳಿ. ಹೋದವರನ್ನು ನೆನೆದು ನೆನೆದು ಬೆಳೆದ ಕೋಣೆ ನಕ್ಷೆಯಲ್ಲಿ ಇರುವುದಿಲ್ಲ, ನೋಂದಣಿ ನಿಂತುಹೋಗುತ್ತದೆ.

ನಮ್ಮ ಹುಬ್ಬಳ್ಳಿ ಮನೆಯಲ್ಲಿ ಅದು ಬೆಳೆದದ್ದು ತಂಗಿ ಕಸ್ತೂರಿ ತೀರಿಕೊಂಡ ವರ್ಷ, ಅಡುಗೆಮನೆಯ ಪಕ್ಕದಲ್ಲಿ. ಒಳಗೆ ಏನೂ ಇಲ್ಲ. ಅವಳು ಕೂತು ಹೊಲಿಯುತ್ತಿದ್ದ ಜಾಗದಲ್ಲಿ ಬೀಳುತ್ತಿದ್ದಂಥ ಬೆಳಕು ಬೀಳುತ್ತದೆ, ಅಷ್ಟೇ.

"ಅಕ್ಕಾರ, ಅಲ್ಲಿ ಕಸ ಹೊಡೀಬ್ಯಾಡ್ರಿ, ಹೊಸ್ತಿಲಕ್ಕ ರಂಗೋಲಿ ಹಾಕಬ್ಯಾಡ್ರಿ. ಮೂರು ತಿಂಗಳಿಗೆ ತಾನ ಕುಗ್ಗತೈತಿ," ಅಂದ ಫಕೀರಪ್ಪ.

ನನಗೆ ಮೊಣಕಾಲು ನೋವು. ಇದನ್ನು ಮಾರಿ ಮೆಟ್ಟಿಲಿಲ್ಲದ ಮನೆಗೆ ಹೋಗಲೇಬೇಕಿತ್ತು. ಅವನು ಹೇಳಿದಂತೆ ಮಾಡಿದೆ. ದಿನಾ ಬೆಳಿಗ್ಗೆ ರಂಗೋಲಿ ಬಟ್ಟಲು ಹಿಡಿದು ಆ ಹೊಸ್ತಿಲತನಕ ಹೋಗುತ್ತಿದ್ದೆ, ಹಾಕದೆ ವಾಪಸು ಬರುತ್ತಿದ್ದೆ.

ಮೂರು ತಿಂಗಳು ಕಳೆದು ಇವತ್ತು ಕೊಳ್ಳುವವರು ಬಂದರು. ಕೋಣೆ ಕುಗ್ಗಿ ಗೋಡೆಯಲ್ಲಿ ಎರಡಡಿಯ ಗೂಡಾಗಿತ್ತು. ಫಕೀರಪ್ಪ ಟೇಪ್ ಹಿಡಿದು ಅಳೆದು, ಅಂಚಿಗೆ ಪೆನ್ಸಿಲಿನಿಂದ ಗುರುತು ಹಾಕಿದ.

"ಇಷ್ಟು ಉಳದ್ರೂ ಚಲೋನ ಆತು. ಚಪ್ಪಲಿ ಇಡಾಕ ಬರತೈತಿ," ಅಂದಳು ಕೊಳ್ಳುವಾಕೆ. ಒಳ್ಳೆಯ ಹೆಂಗಸೇ.

ನಾಳೆ ಹೇಳುತ್ತೇನೆ ಅಂದು ಕಳಿಸಿದೆ. ಆಮೇಲೆ ಗೋಡೆ ಹಿಡಿದು, ಮೊಣಕಾಲು ಮಡಚಿ, ಗೂಡಿನ ಮುಂದೆ ಕೂತೆ. ಕಸ ಹೊಡೆದು, ನೀರು ಚಿಮುಕಿಸಿ, ಕಸ್ತೂರಿ ಹಾಕುತ್ತಿದ್ದ ಸೊಟ್ಟ ನಕ್ಷತ್ರವನ್ನೇ ಹಾಕಿದೆ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗೂಡು ಪೆನ್ಸಿಲ್ ಗುರುತನ್ನು ಒಂದು ಬೆರಳಷ್ಟು ದಾಟಿ ಬೆಳೆದಿತ್ತು.